ಕೆಲಸ ಹೋಗಿ ಐದು ತಿಂಗಳು, ಕಾರ್ಡ್ ಬಾಕಿ 2.7 ಲಕ್ಷ. ಅಪ್ಪನ ಮನೆಗೆ ತೊಂದರೆ ಆಗುತ್ತಾ?

ಲಗ್ಗೆರೆಯವ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಒಂಬತ್ತು ವರ್ಷ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದೆ. ದೊಡ್ಡ ಆರ್ಡರ್ ಕೈತಪ್ಪಿತು, ನಮ್ಮ ಶಿಫ್ಟನ್ನು ಪೂರ್ತಿ ಮನೆಗೆ ಕಳಿಸಿದರು. ಐದು ತಿಂಗಳಾಯ್ತು. ಎರಡು ಕ್ರೆಡಿಟ್ ಕಾರ್ಡ್ ಇವೆ. ಶೋಕಿಗೆ ಉಜ್ಜಿದ್ದಲ್ಲ. ಮಗಳ ಸ್ಕೂಲ್ ಫೀಸು, ಅಮ್ಮನ ಕಣ್ಣಿನ ಆಪರೇಷನ್, ಕೊನೆಕೊನೆಗೆ ಮನೆ ರೇಷನ್ನು.

ಮೊದಲ ಎರಡು ತಿಂಗಳು ದೊಡ್ಡ ಕಾರ್ಡಿಗೆ ಮಿನಿಮಮ್ (ಆ ತಿಂಗಳು ಕಟ್ಟಲೇಬೇಕಾದ ಕನಿಷ್ಠ ಮೊತ್ತ) ಕಟ್ಟಿದೆ. ಆಗ ಬಾಕಿ 1,84,000, ಮಿನಿಮಮ್ 9,200. ಒಂದು ರಾತ್ರಿ ಕೂತು ಸ್ಟೇಟ್‌ಮೆಂಟ್ ಓದಿದೆ. ತಿಂಗಳಿಗೆ 3.75 ಪರ್ಸೆಂಟ್ ಬಡ್ಡಿ ಅಂದರೆ 6,900. ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, 1,242. ಅಂದರೆ ನಾನು ಕಟ್ಟಿದ 9,200ರಲ್ಲಿ ಅಸಲಿಗೆ ಹೋಗಿದ್ದು ಸಾವಿರದ ಐವತ್ತೆಂಟು ರೂಪಾಯಿ! ಮೈಕ್ರೋಮೀಟರ್ ಹಿಡಿದು ಮೈಕ್ರಾನ್ ಲೆಕ್ಕದಲ್ಲಿ ಪೀಸ್ ರಿಜೆಕ್ಟ್ ಮಾಡುತ್ತಿದ್ದವನು ನಾನು. ಇದು ಮಾತ್ರ ಕಾಣಲಿಲ್ಲ ನೋಡಿ. ಆಮೇಲೆ ಮೂರು ತಿಂಗಳಿಂದ ಏನೂ ಕಟ್ಟಿಲ್ಲ. ಈಗ ಅದು 2,10,000 ಆಗಿದೆ, ಇನ್ನೊಂದು ಕಾರ್ಡಿನದು 62,000.

ಮೊನ್ನೆ ವಾಟ್ಸಾಪಿಗೆ ಒಂದು ಕಾಗದ ಬಂತು. ಮೇಲೆ ಅಶೋಕ ಸ್ತಂಭ, ಕೆಳಗೆ 'ಅರೆಸ್ಟ್ ವಾರಂಟ್', ಎರಡು ಗಂಟೆಯೊಳಗೆ 40,000 ಕಟ್ಟಿ ಅಂತ. ಊರಲ್ಲಿ ಅಪ್ಪನಿಗೂ ಬೆಳಗ್ಗೆ ಏಳಕ್ಕೆಲ್ಲ ಫೋನ್ ಮಾಡಿ 'ನಿಮ್ಮ ಮಗ 420' ಅಂದಿದ್ದಾರೆ. ಚನ್ನರಾಯಪಟ್ಟಣದ ಹತ್ತಿರ ನಮ್ಮದು ಒಂದು ಹೆಂಚಿನ ಮನೆ, ಒಂದೂವರೆ ಎಕರೆ ತೆಂಗಿನ ತೋಟ. ಅಪ್ಪ ಎಷ್ಟು ಹೆದರಿದ್ದಾರೆ ಅಂದರೆ, ಮೊನ್ನೆ ನನ್ನ ಹೆಸರಿಗೆ ಬಂದ ಸ್ಪೀಡ್ ಪೋಸ್ಟನ್ನು 'ನಮ್ಮದಲ್ಲ' ಅಂತ ವಾಪಸ್ ಕಳಿಸಿಬಿಟ್ಟಿದ್ದಾರೆ.

ಜೈಲಿಗೆ ಹಾಕುತ್ತಾರಾ? ತೋಟ ಜಪ್ತಿ ಆಗುತ್ತಾ? ನಾಳೆ ಕೆಲಸ ಸಿಕ್ಕರೆ ಸಂಬಳ ಹಿಡಿಯುತ್ತಾರಾ? ಗೊತ್ತಿದ್ದವರು ಹೇಳಿ.

ಬಿಂದಾಸ್ ಬಸಣ್ಣ:

ಗುರು, ಸಿಮ್ ಬದಲಾಯಿಸು. ಮೂರು ವರ್ಷ ಕಳೆದರೆ ಸಾಲ ಮುಗಿದಂಗೆ. ಕರ್ನಾಟಕದಲ್ಲಿ ಹೊಸ ಕಾನೂನು ಬೇರೆ ಬಂದಿದೆ, ಸಾಲದವರು ಬಾಗಿಲಿಗೆ ಬರಂಗಿಲ್ಲ. ಆರಾಮಾಗಿರು.

ಚಾಮುಂಡಿ ತಪ್ಪಲು:

ಬಸಣ್ಣನ ಮಾತು ಕೇಳಬೇಡಿ. ನಾನೂ ಸಿಮ್ ಬದಲಾಯಿಸಿದವನೇ, ಅದಕ್ಕೇ ಹೇಳ್ತಿದೀನಿ.

2020ರಲ್ಲಿ ಮೈಸೂರಿನ ಹೋಟೆಲೊಂದರ ಫ್ರಂಟ್ ಆಫೀಸ್‌ನಲ್ಲಿದ್ದೆ. ಲಾಕ್‌ಡೌನ್ ಬಂತು, ಹೋಟೆಲ್ ಮುಚ್ಚಿತು. ಮಾರ್ಚ್‌ನಿಂದ ಆಗಸ್ಟ್ ವರೆಗೆ ಕಂತು ಮುಂದೂಡುವ ಮೊರಟೋರಿಯಂ ಇತ್ತಲ್ಲ, ಅದನ್ನು ನಂಬಿ ಸುಮ್ನೆ ಕೂತೆ. ಕಂತು ನಿಂತಿತ್ತೇ ಹೊರತು ಬಡ್ಡಿ ನಿಂತಿರಲಿಲ್ಲ. 90 ಸಾವಿರದ ಬಾಕಿ ವರ್ಷ ಕಳೆಯುವಷ್ಟರಲ್ಲಿ 1,35,000 ಆಯ್ತು.

ಸಿಮ್ ಬದಲಾಯಿಸಿದ ಮೇಲೆ ಫೋನ್ ನಿಂತಿತು. ಆದರೆ ಏಜೆಂಟರು ನನ್ನ ಹಳೇ ಸಹೋದ್ಯೋಗಿಗೆ, ಮಾವನಿಗೆ ಫೋನ್ ಮಾಡಲು ಶುರು ಮಾಡಿದರು. ಕೊನೆಗೆ ಒಬ್ಬ ಮನೆಗೇ ಬಂದ. ಒಳ್ಳೇ ಹುಡುಗ, ಬೈಯಲಿಲ್ಲ, ಹೆಂಡತಿ ಕೊಟ್ಟ ಕಾಫಿಯನ್ನೂ ಕುಡಿದ. 'ಸರ್, ಎರಡು ಚೆಕ್ ಕೊಡಿ ಸಾಕು, ಮುಂದಿನ ತಿಂಗಳ ಡೇಟ್ ಹಾಕಿ, ಆಮೇಲೆ ಯಾರೂ ತೊಂದರೆ ಕೊಡಲ್ಲ' ಅಂದ. ಕೊಟ್ಟೆ.

ನನ್ನ ಜೀವನದ ದೊಡ್ಡ ತಪ್ಪು ಅದು. ಎರಡನೇ ಚೆಕ್ ಬೌನ್ಸ್ ಆಯ್ತು, 22,000ದ್ದು. ವಕೀಲರ ನೋಟಿಸ್ ಬಂತು: 138 ಸೆಕ್ಷನ್, ಹದಿನೈದು ದಿನದೊಳಗೆ ದುಡ್ಡು ಕೊಡದಿದ್ದರೆ ಕ್ರಿಮಿನಲ್ ಕೇಸು. ಕಾರ್ಡ್ ಬಾಕಿ ಸಿವಿಲ್ ವ್ಯವಹಾರ, ಅದಕ್ಕೆ ಪೊಲೀಸರಿಲ್ಲ, ಜೈಲಿಲ್ಲ. ಆದರೆ ಚೆಕ್ ಬೌನ್ಸ್ ಆದರೆ ಎರಡು ವರ್ಷದವರೆಗೆ ಶಿಕ್ಷೆ ಇದೆ. ಸಾಲ ಅದೇ, ಆದರೆ ನನ್ನ ಕೈಯಾರೆ ಅದನ್ನು ಕ್ರಿಮಿನಲ್ ಮಾಡಿಕೊಂಡೆ. ಹದಿಮೂರನೇ ದಿನ ಹೆಂಡತಿಯ ಸರ ಗಿರವಿ ಇಟ್ಟು ಕಟ್ಟಿದೆ. ಬ್ಯಾಂಕ್ ಖಾತೆಯಿಂದ ತಾನಾಗಿ ಕಡಿತ ಆಗುವ ಮ್ಯಾಂಡೇಟಿಗೆ ಸಹಿ ಹಾಕಿ, ಅದು ದುಡ್ಡಿಲ್ಲದೆ ವಾಪಸ್ ಹೋದರೂ ಇದೇ ಥರದ ಕೇಸು ಹಾಕಬಹುದು. ನಿಮ್ಮ ಮನೆಗೆ ಯಾರು ಬಂದರೂ ಕಾಫಿ ಕೊಡಿ, ಸಹಿ ಕೊಡಬೇಡಿ.

ಆಮೇಲೆ ಬುದ್ಧಿ ಬಂದು ಬ್ಯಾಂಕಿಗೇ ಇಮೇಲ್ ಬರೆದೆ. ಕೆಲಸದಿಂದ ತೆಗೆದ ಪತ್ರ ಲಗತ್ತಿಸಿದೆ. ಏಜೆಂಟರು ಮಾವನಿಗೆ ಫೋನ್ ಮಾಡಿದ ದಿನ, ಹೊತ್ತು, ನಂಬರು, ಎಲ್ಲ ಪಟ್ಟಿ ಹಾಕಿದೆ. ಈಗಂತೂ ಆರ್‌ಬಿಐ 2022ರ ಆಗಸ್ಟ್‌ನಲ್ಲಿ ಸ್ಪಷ್ಟವಾಗಿ ಹೇಳಿದೆ: ಬೆಳಗ್ಗೆ ಎಂಟಕ್ಕೆ ಮುಂಚೆ, ಸಂಜೆ ಏಳರ ಮೇಲೆ ವಸೂಲಿ ಫೋನ್ ಇಲ್ಲ. ಮನೆಯವರು, ಸ್ನೇಹಿತರಿಗೆ ಕಿರುಕುಳ ಕೊಡಂಗಿಲ್ಲ. ನಿಮ್ಮ ಅಪ್ಪನಿಗೆ ಏಳಕ್ಕೆ ಬಂದ ಕರೆ ಇದೆಯಲ್ಲ, ಅದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಬ್ಯಾಂಕ್ 30 ದಿನದಲ್ಲಿ ಉತ್ತರ ಕೊಡದಿದ್ದರೆ ಆರ್‌ಬಿಐ ಓಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ವಿಚಾರಿಸುವ ಅಧಿಕಾರಿ) ಹೋಗಬಹುದು, ಖರ್ಚಿಲ್ಲ.

ಒಂದೂವರೆ ವರ್ಷ ಎಳೆದಾಡಿ 58,000ಕ್ಕೆ ಸೆಟ್ಲ್‌ಮೆಂಟ್ ಆಯ್ತು, ಮೂರು ಕಂತಲ್ಲಿ. ಬ್ಯಾಂಕಿನ ಲೆಟರ್‌ಹೆಡ್‌ನಲ್ಲಿ ಪತ್ರ ಕೈಗೆ ಬರುವವರೆಗೆ ಒಂದು ರೂಪಾಯಿ ಹಾಕಲಿಲ್ಲ. ಹಾಕಿದ್ದೂ ಕಾರ್ಡ್ ಖಾತೆಗೇ, ಏಜೆಂಟರ ಯುಪಿಐಗಲ್ಲ. ಸಿಬಿಲ್‌ನಲ್ಲಿ (ಸಾಲದ ಇತಿಹಾಸದ ದಾಖಲೆ) ಮಾತ್ರ 'ಸೆಟಲ್ಡ್' ಅಂತ ಕೂತಿದೆ. ಅಂದರೆ ರಾಜಿಯಲ್ಲಿ ಕಡಿಮೆ ಕಟ್ಟಿದ್ದು; ಪೂರ್ತಿ ತೀರಿದ 'ಕ್ಲೋಸ್ಡ್' ಅಲ್ಲ. ಎರಡು ವರ್ಷ ಆದಮೇಲೆ ಸ್ಕೂಟರ್ ಸಾಲ ಕೇಳಿದರೂ ಆಗಲ್ಲ ಅಂದರು.

ಕಪ್ಪು ಕೋಟು:

ಸಿವಿಲ್ ಕೋರ್ಟಿನಲ್ಲಿ ಪ್ರಾಕ್ಟೀಸ್ ಮಾಡುತ್ತೇನೆ. ಮೇಲಿನವರು ಚೆಕ್ ಬಗ್ಗೆ ಹೇಳಿದ್ದು ನೂರಕ್ಕೆ ನೂರು ಸರಿ.

ಲಗ್ಗೆರೆಯವರೇ, ಆ ವಾಟ್ಸಾಪ್ ವಾರಂಟ್ ಬರೀ ಬೊಗಳೆ, ಅದಕ್ಕೆ ಹೆದರಬೇಡಿ. ನನಗೆ ಭಯ ಆಗಿದ್ದು ನಿಮ್ಮ ತಂದೆಯವರು ವಾಪಸ್ ಕಳಿಸಿದ ಲಕೋಟೆ ಕೇಳಿ. ಅದು ವಕೀಲರ ನೋಟಿಸ್ ಆಗಿದ್ದರೆ ಸದ್ಯಕ್ಕೆ ಪರವಾಗಿಲ್ಲ. ಕೋರ್ಟಿನ ಸಮನ್ಸ್ ಆಗಿದ್ದರೆ, ತೆಗೆದುಕೊಳ್ಳಲು ನಿರಾಕರಿಸಿದರೂ ತಲುಪಿದೆ ಅಂತಲೇ ಲೆಕ್ಕ ಹಾಕಬಹುದು. ಮಾಮೂಲಿ ದಾವೆಯಾದರೆ 30 ದಿನದೊಳಗೆ ಉತ್ತರ ಸಲ್ಲಿಸಬೇಕು. ಸಮ್ಮರಿ ಸೂಟ್ (ಬೇಗ ಮುಗಿಸುವ ದಾವೆ) ಆದರೆ ಹತ್ತೇ ದಿನದಲ್ಲಿ ಹಾಜರಾತಿ ಹಾಕಬೇಕು. ಹಾಕದಿದ್ದರೆ ಬ್ಯಾಂಕ್ ಹೇಳಿದ್ದೇ ಲೆಕ್ಕ, ನೀವಿಲ್ಲದೆಯೇ ತೀರ್ಪು, ಅಂದರೆ ಎಕ್ಸ್‌ಪಾರ್ಟಿ ಡಿಕ್ರಿ. ನನ್ನ ಹತ್ತಿರ ಬರುವವರಲ್ಲಿ ಅರ್ಧ ಜನ ಡಿಕ್ರಿ ಆದಮೇಲೇ ಬರುತ್ತಾರೆ. ಇವತ್ತೇ ಇ-ಕೋರ್ಟ್ಸ್ ವೆಬ್‌ಸೈಟಿನಲ್ಲಿ ನಿಮ್ಮ ಹೆಸರು ಹಾಕಿ ಹುಡುಕಿ.

ಡಿಕ್ರಿ ಆದರೂ ಸೀದಾ ಜೈಲಲ್ಲ. ದುಡ್ಡಿದ್ದೂ ಬೇಕಂತಲೇ ಕೊಡದವರನ್ನು ಮಾತ್ರ ಸಿವಿಲ್ ಜೈಲಿಗೆ ಕಳಿಸಬಹುದು. ಬಡತನವೇ ತಪ್ಪಲ್ಲ ಅಂತ ಸುಪ್ರೀಂ ಕೋರ್ಟ್ 1980ರಲ್ಲೇ ಹೇಳಿದೆ. ವಂಚನೆ (ಹಳೇ ಐಪಿಸಿಯ 420) ಅನ್ನಬೇಕಾದರೆ ಸಾಲ ತೆಗೆಯುವಾಗಲೇ ಮೋಸದ ಉದ್ದೇಶ ಇರಬೇಕು. ನೀವು ಕೆಲಸ ಹೋದಮೇಲೂ ಎರಡು ತಿಂಗಳು ಕಟ್ಟಿದವರು, ಅದು ನಿಲ್ಲಲ್ಲ.

ಸಂಬಳದ ಲೆಕ್ಕ ಹೀಗೆ. 25,000 ಸಂಬಳ ಅಂದುಕೊಳ್ಳಿ. ಮೊದಲ 1,000 ಬಿಡಬೇಕು, ಉಳಿದ 24,000ದಲ್ಲಿ ಮೂರನೇ ಎರಡು ಭಾಗ ಬಿಡಬೇಕು. ಕೋರ್ಟ್ ಹಿಡಿಯಬಹುದಾದದ್ದು 8,000. ಅದೂ ಡಿಕ್ರಿ ಆದಮೇಲೆ, ಒಂದೇ ಡಿಕ್ರಿಗೆ ಒಟ್ಟು 24 ತಿಂಗಳು ಮಾತ್ರ. ಪಿಎಫ್‌ ಖಾತೆಯಲ್ಲಿರುವ ದುಡ್ಡನ್ನು ಜಪ್ತಿ ಮಾಡಂಗಿಲ್ಲ. ಕೋರ್ಟಿಗಿಂತ ಮೊದಲು ಬರುವ ಅಪಾಯ ಬೇರೆ: ಕಾರ್ಡ್ ಕೊಟ್ಟ ಬ್ಯಾಂಕಿನಲ್ಲೇ ನಿಮ್ಮ ಉಳಿತಾಯ ಖಾತೆ ಇದ್ದರೆ, ಅದರಲ್ಲಿರುವ ದುಡ್ಡನ್ನು ಅವರು ಬಾಕಿಗೆ ಹಿಡಿಯಬಹುದು. ಹೊಸ ಸಂಬಳ ಬೇರೆ ಬ್ಯಾಂಕಿಗೆ ಬರಲಿ.

ತೋಟದ ವಿಷಯ. ತಂದೆಯವರ ಸ್ವಯಾರ್ಜಿತ ಆದರೆ, ಅವರು ಜಾಮೀನು ಹಾಕಿಲ್ಲದಿದ್ದರೆ, ಯಾರೂ ಮುಟ್ಟಲಾಗದು. ಪಿತ್ರಾರ್ಜಿತವಾಗಿ ನಿಮಗೂ ಪಾಲಿದ್ದರೆ, ಡಿಕ್ರಿ ಆದಮೇಲೆ ಆ ನಿಮ್ಮ ಪಾಲಿಗೆ ಕೈ ಹಾಕಬಹುದು. ಪಹಣಿ ಒಮ್ಮೆ ನೋಡಿ.

ಬಸಣ್ಣನವರೇ, ಮೂರು ವರ್ಷದ ಮಿತಿ ಇರುವುದು ನಿಜ. ಆದರೆ ಆ ಅವಧಿಯೊಳಗೆ ಬ್ಯಾಂಕ್ ದಾವೆ ಹಾಕಿದರೆ ನಿಮ್ಮ ಸಿಮ್ಮಿಗೆ ಏನು ಬೆಲೆ? ನಡುವೆ ಸ್ವಲ್ಪ ಕಟ್ಟಿದರೂ, ಬಾಕಿ ಇದೆ ಅಂತ ಬರೆದುಕೊಟ್ಟರೂ ಮೂರು ವರ್ಷ ಮತ್ತೆ ಮೊದಲಿಂದ ಶುರು. ನೀವು ಹೇಳುವ 2025ರ ಕಾನೂನು ನೋಂದಣಿ ಇಲ್ಲದ ಸಾಲದವರ ಮೇಲೆ ತಂದದ್ದು, ಬ್ಯಾಂಕ್ ಕಾರ್ಡಿಗೆ ಅಲ್ಲ.

ಬಿಂದಾಸ್ ಬಸಣ್ಣ:

ಆಯ್ತು ಸಾರ್, ತಪ್ಪಾಯ್ತು. ನನ್ನದೂ ಒಂದು ಕಾರ್ಡ್ ಇದೆ, ನಾಳೆ ನಿಮಗೆ ಮೆಸೇಜ್ ಮಾಡ್ತೀನಿ.

ಲಗ್ಗೆರೆಯವ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇ-ಕೋರ್ಟ್ಸ್‌ನಲ್ಲಿ ಹುಡುಕಿದೆ, ನನ್ನ ಹೆಸರಲ್ಲಿ ಏನೂ ಇಲ್ಲ. ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಅವರು ಆ ಬಿಸಿಲಲ್ಲೇ ಸೈಕಲ್ ಹತ್ತಿ ಪೋಸ್ಟಾಫೀಸಿಗೆ ಹೋಗಿದ್ದಾರೆ. ಪುಣ್ಯಕ್ಕೆ ಪೋಸ್ಟ್‌ಮ್ಯಾನ್ ಗುರುತಿನವರು. 'ನಿಮ್ಮ ಮಗನದು ಅಂತ ಗೊತ್ತಿತ್ತು, ಎರಡು ದಿನ ತಡೀಲಿ ಅಂತ ಇಟ್ಟಿದ್ದೆ' ಅಂತ ಚೀಲದಿಂದ ತೆಗೆದು ಕೊಟ್ಟರಂತೆ. ಪಕ್ಕದ ಮನೆ ಹುಡುಗ ಫೋಟೋ ತೆಗೆದು ಕಳಿಸಿದ. ಲೋಕ ಅದಾಲತ್ (ರಾಜಿ ಮಾಡಿಸುವ ಅದಾಲತ್) ನೋಟಿಸ್. ಬೆಂಗಳೂರಲ್ಲೇ, ಮುಂದಿನ ತಿಂಗಳು ಎರಡನೇ ಶನಿವಾರ. ಹೋಗದಿದ್ದರೆ ತಪ್ಪಾಗುತ್ತಾ?

ಕಪ್ಪು ಕೋಟು:

ಹೋಗದಿದ್ದರೆ ಶಿಕ್ಷೆ ಏನಿಲ್ಲ. ಆದರೆ ಹೋಗಿ, ಬ್ಯಾಂಕಿನವರು ಎದುರಿಗೇ ಕೂತಿರುತ್ತಾರೆ, ಚೌಕಾಸಿ ಮಾಡಲು ಒಳ್ಳೇ ಜಾಗ. ಕೋರ್ಟ್ ಫೀಸೂ ಇಲ್ಲ. ಒಂದೇ ಎಚ್ಚರಿಕೆ: ಅಲ್ಲಿ ಒಪ್ಪಿ ಸಹಿ ಹಾಕಿದರೆ ಅದು ಡಿಕ್ರಿಗೆ ಸಮ, ಅಪೀಲು ಇಲ್ಲ. ತಿಂಗಳಿಗೆ ಮೂರು ಸಾವಿರ ಕಟ್ಟಲು ಆಗುವುದಾದರೆ ಮೂರು ಅನ್ನಿ, ಮರ್ಯಾದೆಗೆ ಐದು ಅನ್ನಬೇಡಿ. ಒಪ್ಪಂದ ಆಗದಿದ್ದರೆ ಎದ್ದು ಬನ್ನಿ. ಉಚಿತ ಕಾನೂನು ನೆರವಿಗೆ 15100ಕ್ಕೆ ಫೋನ್ ಮಾಡಿ ಕೇಳಿ.

ಲಗ್ಗೆರೆಯವ:

ಸರಿ ಸರ್. ಅಪ್ಪನೂ ಬರುತ್ತೇನೆ ಅಂತ ಹಠ ಹಿಡಿದಿದ್ದಾರೆ. 'ನೀನು ಒಬ್ಬನೇ ಹೋಗಬೇಡ' ಅಂತ.

ಚಾಮುಂಡಿ ತಪ್ಪಲು:

ಕರ್ಕೊಂಡು ಹೋಗಿ, ಜೊತೆಗೆ ಒಬ್ಬರಿದ್ದರೆ ಧೈರ್ಯ. ಪೆನ್ನು ಮಾತ್ರ ಅವರ ಕೈಗೆ ಕೊಡಬೇಡಿ. 'ಸಾಕ್ಷಿಗೆ ಅಷ್ಟೇ ಯಜಮಾನ್ರೇ' ಅಂತ ಜಾಮೀನಿನ ಕಾಗದ ಮುಂದಿಡುವವರೂ ಇರುತ್ತಾರೆ.