ಮೇಲಿನ ಮನೆ ಪ್ರಿಂಟರ್ ಕೆಳಗಿನ ವಖಾರಿಗೆ ಸಿಗ್ತಿಲ್ಲ

ಶಿರಸೀಲಿ ಅಡಿಕೆ ವಖಾರಿ ನಮ್ದು, ಮೇಲೇ ಮನೆ. ಫೈಬರ್ ಮೋಡೆಮ್ ಕೆಳಗಿದೆ, ಲೆಕ್ಕದ ಕಂಪ್ಯೂಟರಿನ ಐಪಿ (ನೆಟ್‌ವರ್ಕ್ ವಿಳಾಸ) 192.168.1.20, ಮೇಲೆ ವೈಫೈ ಬರಲ್ಲ ಅಂತ ಇನ್ನೊಂದು ರೂಟರ್ ಹಾಕಿದ್ರೆ ಅದು 192.168.0 ಅಂತ ಶುರುವಾಗೋ ಐಪಿ ಕೊಡ್ತಿದೆ. ಮೇಲಿಂದ ಕೆಳಗೆ ಪಿಂಗ್ (ಸಂಪರ್ಕ ಇದೆಯಾ ಅಂತ ನೋಡೋ ಪರೀಕ್ಷೆ) ಹೋಗತ್ತೆ ಆದ್ರೆ ಕಂಪ್ಯೂಟರಿನ ಹೆಸರು ಕಾಣಲ್ಲ, ಕೆಳಗಿಂದ ಪ್ರಿಂಟರಿಗೆ ಏನೂ ಹೋಗಲ್ಲ. ಏನ್ ಮಾಡ್ಲಿ?

ಉತ್ತರ:
ಮೇಲಿನ ರೂಟರ್ ನ್ಯಾಟ್ ಮಾಡ್ತಿದೆ ಅಣ್ಣ, ಅಂದ್ರೆ ಮೇಲಿನವನ್ನೆಲ್ಲ ತನ್ನ ಒಂದೇ ಐಪಿ ಹಿಂದೆ ಮುಚ್ಚಿಡ್ತಿದೆ, ಅದಕ್ಕೇ ಒಂದೇ ಕಡೆ ದಾರಿ. ಮೊದ್ಲು ಅದಕ್ಕೆ 192.168.1.2 ಕೊಡಿ, ಡಿಎಚ್‌ಸಿಪಿ (ಐಪಿ ಹಂಚೋ ಕೆಲಸ) ಆಫ್ ಮಾಡಿ, ಆಮೇಲೆ ವ್ಯಾನ್ (WAN, ಹೊರಗಿನ ನೆಟ್) ಪೋರ್ಟಲ್ಲಿರೋ ಕೇಬಲ್ ಕಿತ್ತು ಲ್ಯಾನ್ (LAN, ಒಳಗಿನ ನೆಟ್) ಪೋರ್ಟಿಗೆ ಚುಚ್ಚಿ.

ಇನ್ನೊಂದು ಉತ್ತರ:
ಮೇಲಿನ ಕೆಳಗಿನ ನೆಟ್‌ವರ್ಕ್ ಬೇರೆ ಬೇರೆನೇ ಇರ್ಲಿ ಅಂದ್ರೆ ನ್ಯಾಟ್ ತೆಗ್ದು ಮೋಡೆಮ್ಮಲ್ಲಿ ಸ್ಟ್ಯಾಟಿಕ್ ರೂಟ್ (ಮೇಲಿನ ನೆಟ್‌ವರ್ಕಿಗೆ ಹೋಗೋ ದಾರಿ) ಹಾಕ್ಬೇಕು, ಅಷ್ಟು ತಲೆಬಿಸಿ ಯಾಕೆ? ಆಗ್ಲೂ ಹೆಸರು ಹುಡುಕೋ ಬ್ರಾಡ್‌ಕಾಸ್ಟ್ (ಎಲ್ಲಕ್ಕೂ ಒಟ್ಟಿಗೆ ಕೂಗಿ ಕೇಳೋದು) ರೂಟರ್ ದಾಟಲ್ಲ, ಐಪಿನೇ ಟೈಪ್ ಮಾಡಿ.

ಪ್ರಶ್ನೆ ಕೇಳಿದವ:
ಮೊದಲ ಉತ್ತರದ ಹಾಗೆ ಮಾಡಿ ಕೇಬಲ್ ಬದಲಿಸಿದೆ, ಪ್ರಿಂಟರ್ ಆಫ್ ಮಾಡಿ ಆನ್ ಮಾಡಿದ್ಮೇಲೆ 192.168.1.34 ಬಂತು, ಬಿಲ್ ಹೊರಗೆ ಬಿತ್ತು ಮಾರಾಯ್ರೆ!