ಎರಡು ತಿಂಗಳಿಂದ ಕುಂಟುತ್ತಿರುವ ನಾಯಿಗೆ ನಾಟಿ ಔಷಧ ಹೇಳ್ರಿ

ರಾಜಾನ ಮನೆಯವ (ಕಲಬುರಗಿ): ನಮ್ಮ ರಾಜಾ ಲ್ಯಾಬ್ರಡಾರ್, ಆರು ವರ್ಷ. ಎರಡು ತಿಂಗಳಿಂದ ಬಲಗಡೆ ಹಿಂಗಾಲು ಕುಂಟುತ್ತಿದ್ದಾನೆ. ಮಲಗಿ ಎದ್ದಾಗ ಜಾಸ್ತಿ, ನಾಲ್ಕು ಹೆಜ್ಜೆ ನಡೆದ ಮೇಲೆ ಸ್ವಲ್ಪ ಕಡಿಮೆ. ಒಂದು ದವಾಖಾನೆಗೆ ತೋರಿಸಿದೆವು. ಕಾಲು ಮುಟ್ಟಿ ಸಹ ನೋಡಲಿಲ್ಲ, ಐದು ದಿನದ ನೋವಿನ ಗುಳಿಗೆ ಬರೆದು ಕಳಿಸಿದರು. ಗುಳಿಗೆ ಇದ್ದಷ್ಟು ದಿನ ಆರಾಮ, ಮುಗಿದ ಮೇಲೆ ಮತ್ತೆ ಅದೇ ಕಥೆ. ಮೇಲೆ ವಾಂತಿ ಬೇರೆ. ಇನ್ನು ಗುಳಿಗೆ ಬೇಡ ಅಂತ ಮನೆಯಲ್ಲಿ ಎಲ್ಲರೂ ಹಟ ಹಿಡಿದಿದ್ದಾರೆ. ನಾಟಿ ಔಷಧ ಗೊತ್ತಿದ್ದವರು ಹೇಳ್ರಿ.

ತೊಗರಿ ಹೊಲ (ಸೇಡಂ): ಇದಕ್ಕೆ ಯಾಕೆ ಚಿಂತೆ ಅಣ್ಣಾ? ಲಕ್ಕಿ ತಪ್ಪಲು ಬೆಚ್ಚಗೆ ಮಾಡಿ ಬಟ್ಟೆಯಲ್ಲಿ ಕಟ್ಟಿ ಶಾಖ ಕೊಡ್ರಿ. ಎಳ್ಳೆಣ್ಣೆಯಲ್ಲಿ ಬೆಳ್ಳುಳ್ಳಿ, ಕರ್ಪೂರ ಹಾಕಿ ಕಾಯಿಸಿ ತಿಕ್ಕಿರಿ. ಊಟದಲ್ಲಿ ಅರಿಶಿನ. ನಮ್ಮಜ್ಜ ಎತ್ತಿಗೆ ಇದನ್ನೇ ಮಾಡುತ್ತಿದ್ದರು. ಎಂಟು ಹತ್ತು ದಿನ ಕೊಟ್ಟಿಗೆಯಲ್ಲಿ ಕಟ್ಟಿ ಹಾಕಿ, ನೊಗಕ್ಕೆ ಹೂಡದೆ ಬಿಟ್ಟರೆ ಎತ್ತು ಓಡುತ್ತಿತ್ತು.

ಗುರುಮಠಕಲ್ ಅಕ್ಕ: ಬೆಳ್ಳುಳ್ಳಿ, ಕರ್ಪೂರ ಮಾತ್ರ ಬೇಡಪ್ಪ. ನಾಯಿ ಎಣ್ಣೆ ಹಚ್ಚಿದ ಐದೇ ನಿಮಿಷಕ್ಕೆ ನೆಕ್ಕುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಎರಡೂ ನಾಯಿಯ ರಕ್ತದ ಕೆಂಪು ಕಣ ಒಡೆಯುತ್ತವೆ. ಕರ್ಪೂರ ಹೊಟ್ಟೆಗೆ ಹೋದರೆ ಸೆಳೆತ ಬರಬಹುದು. ತಲೆನೋವಿನ ಬಾಮ್ ಕೂಡ ಹಚ್ಚಬೇಡಿ. ಅದರಲ್ಲಿರುವ ಮೀಥೈಲ್ ಸ್ಯಾಲಿಸಿಲೇಟ್ ಆಸ್ಪಿರಿನ್ ಜಾತಿಗೆ ಸೇರಿದ್ದು. ಮನುಷ್ಯರ ಐಬುಪ್ರೊಫೆನ್, ಡೈಕ್ಲೋಫೆನಾಕ್ ಅಂತೂ ಮುಟ್ಟಲೇಬೇಡಿ. ನಾಯಿಯ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಕಿಡ್ನಿ ಹೋಗುತ್ತದೆ.

ತೊಗರಿ ಹೊಲ: ನೂರಾರು ವರ್ಷದಿಂದ ಬಂದ ಔಷಧ ಅಕ್ಕಾ. ಇಂಗ್ಲಿಷ್ ಗುಳಿಗೆಯಿಂದಲೇ ಅಲ್ವಾ ಅವರ ನಾಯಿಗೆ ವಾಂತಿ ಆಗಿದ್ದು?

ಶಹಾಪುರದ ಹುಡುಗ: ಔಷಧದ ಜಗಳ ಆಮೇಲೆ. ಮೊದಲು ಪಾದ ನೋಡಿದ್ದೀರಾ? ನಮ್ಮ ಮಾಮಾನ ಹೊಲದಲ್ಲಿ ಒಂದು ನಾಯಿ ಇತ್ತು. ಮುಂಗಾಲು ಕುಂಟಲು ಶುರು ಮಾಡಿತು. ಒಬ್ಬರು ಎಕ್ಕಿ ಎಲೆ ಕಟ್ಟಿದರು. ಅದರ ಹಾಲು ತಾಗಿ ಚರ್ಮ ಕೆಂಪಾಯಿತು. ಇನ್ನೊಬ್ಬರು ಭುಜಕ್ಕೆ ಕಾದ ಕಬ್ಬಿಣದ ಬರೆ ಹಾಕಿದರು. ಪಾಪ, ಕುಂಟಿನ ಜೊತೆ ಹುಣ್ಣು ಬೇರೆ. ತಿಂಗಳಾದ ಮೇಲೆ ಬೆರಳಿನ ಸಂದಿಯಲ್ಲಿ ಕೀವು ಒಡೆದು ಜಾಲಿ ಮುಳ್ಳಿನ ತುದಿ ಹೊರಗೆ ಬಂತು. ಅಷ್ಟೇ. ಆ ಬರೆಯ ಗುರುತು ಸಾಯೋತನಕ ಹಾಗೇ ಇತ್ತು, ಅದನ್ನ ನೋಡಿದಾಗೆಲ್ಲ ಮಾಮಾ ತಲೆ ತಗ್ಗಿಸುತ್ತಿದ್ದ.

ರಾಜಾನ ಮನೆಯವ: ಪಾದ ಈಗಲೇ ಟಾರ್ಚ್ ಹಿಡಿದು ನೋಡಿದೆ. ಮುಳ್ಳು ಇಲ್ಲ, ಗಾಯ ಇಲ್ಲ. ಬೆರಳ ಸಂದಿಯಲ್ಲಿ ಎರಡು ಉಣ್ಣಿ ಸಿಕ್ಕವು.

ನಂದಿನಗರ ಹಾಸ್ಟೆಲ್ (ಬೀದರ್): ಇಲ್ಲಿ ಪಶುವೈದ್ಯ ಕಾಲೇಜಿನಲ್ಲಿ ಓದುತ್ತಿದ್ದೇನೆ, ಇನ್ನೂ ಡಾಕ್ಟರ್ ಆಗಿಲ್ಲ. ಉಣ್ಣಿಯಿಂದ ಬರುವ ಜ್ವರದಲ್ಲೂ ಕೀಲು ನೋವು ಬಂದು ಕುಂಟಬಹುದು. ಆದರೆ ಅದರಲ್ಲಿ ಸಾಮಾನ್ಯವಾಗಿ ಊಟ ಬಿಡುತ್ತದೆ, ಮಂಕಾಗುತ್ತದೆ. ಕೆಲವೊಮ್ಮೆ ನೋವು ಕಾಲಿಂದ ಕಾಲಿಗೆ ಬದಲಾಗುತ್ತದೆ. ಎರಡು ಪ್ರಶ್ನೆ. ರಾಜಾ ಕೂತಾಗ ಕಾಲು ಒಳಗೆ ಮಡಚುತ್ತಾನಾ, ಹೊರಗೆ ಚಾಚುತ್ತಾನಾ? ತೂಕ ಎಷ್ಟು?

ರಾಜಾನ ಮನೆಯವ: ಊಟ ಬಿಡೋದಾ? ಬಟ್ಟಲು ಸಮೇತ ತಿನ್ನುತ್ತಾನೆ. ಕೂತಾಗ ಬಲಗಾಲು ಪಕ್ಕಕ್ಕೆ ಚಾಚುತ್ತಾನೆ, ಅದು ಸೋಮಾರಿತನ ಅಂದುಕೊಂಡಿದ್ದೆ. ತೂಕ 42 ಕಿಲೋ.

ನಂದಿನಗರ ಹಾಸ್ಟೆಲ್: ಗಂಡು ಲ್ಯಾಬ್ರಡಾರ್ ಸಾಮಾನ್ಯವಾಗಿ 29ರಿಂದ 36 ಕಿಲೋ ಇರಬೇಕು. ಕಾಲು ಹೊರಗೆ ಚಾಚಿ ಕೂರುವುದು ಮಂಡಿಯೊಳಗಿನ ಕಟ್ಟು (ಮೂಳೆಗಳನ್ನು ಹಿಡಿದಿಡುವ ನಾರು) ಹರಿದಾಗ ಕಾಣುತ್ತದೆ. ಈ ಜಾತಿಯಲ್ಲಿ ಅದು ಸಾಮಾನ್ಯ. ಸೊಂಟದ ಕೀಲಿನ ತೊಂದರೆಯೂ ಇರಬಹುದು. ಕೈಯಿಂದ ಮುಟ್ಟಿ ನೋಡದೆ ಯಾವುದು ಅಂತ ಹೇಳಲಾಗದು. ಹರಿದ ಕಟ್ಟಿಗೆ ಯಾವ ತಪ್ಪಲೂ ಹೊಲಿಗೆ ಹಾಕಲ್ಲ. ಇನ್ನು ಸೇಡಂ ಅಣ್ಣಾ, ನಿಮ್ಮಜ್ಜನ ಚಿಕಿತ್ಸೆಯಲ್ಲಿ ನನಗೆ ಇಷ್ಟವಾಗಿದ್ದು ಎಣ್ಣೆ ಅಲ್ಲ, ಆ ಎಂಟು ದಿನ ನೊಗಕ್ಕೆ ಹೂಡದೆ ಬಿಟ್ಟದ್ದು. ರಾಜಾನಿಗೂ ಅದೇ ಬೇಕು. ಓಟ ಇಲ್ಲ, ಮೆಟ್ಟಿಲು ಇಲ್ಲ, ಹೊರಗೆ ಹೋದರೆ ಹಗ್ಗ ಹಿಡಿದು ಐದು ನಿಮಿಷ.

ತೊಗರಿ ಹೊಲ: ಅಂದರೆ ನಮ್ಮಜ್ಜ ಅರ್ಧ ಪಾಸು ಅನ್ನಿ.

ನಂದಿನಗರ ಹಾಸ್ಟೆಲ್: ಮುಕ್ಕಾಲು. ಶಾಖವೂ ಸರಿಯೇ, ಹಳೆಯ ಬಿಗಿತಕ್ಕೆ ಹಿತ ಕೊಡುತ್ತದೆ. ಹೊಸ ಏಟಿಗೆ, ಊತಕ್ಕೆ ಮಾತ್ರ ಮೊದಲ ಎರಡು ದಿನ ತಣ್ಣನೆಯದೇ ಬೇಕು. ಅರಿಶಿನದ ಸಾರ ಕರುಳಿನಿಂದ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಚಿಟಿಕೆ ಅರಿಶಿನದಿಂದ ಕುಂಟು ಹೋಗುತ್ತದೆ ಅಂತ ಕಾಯಬೇಡಿ. ಇದ್ದುದರಲ್ಲಿ ಸವೆದ ಕೀಲಿಗೆ ಸ್ವಲ್ಪ ನಂಬಬಹುದಾದದ್ದು ಮೀನೆಣ್ಣೆ. ಕಾಡ್ ಲಿವರ್ ಎಣ್ಣೆ ಬೇರೆ, ಅದು ಬೇಡ. ಅದರಲ್ಲಿ ಎ, ಡಿ ವಿಟಮಿನ್ ಜಾಸ್ತಿ, ಅತಿಯಾದರೆ ಕೆಡುಕು.

ರಾಜಾನ ಮನೆಯವ: ಮೀನೆಣ್ಣೆ ಮನೆಯೊಳಗೆ ತಂದರೆ ಅವ್ವ ನನ್ನನ್ನೂ ರಾಜಾನನ್ನೂ ಒಟ್ಟಿಗೆ ಹೊರಗೆ ಹಾಕುತ್ತಾಳೆ. ಅಗಸಿ ನಡೆಯುತ್ತಾ? ಮನೆಯಲ್ಲಿ ಅಗಸಿ ಹಿಂಡಿ ಸದಾ ಇರುತ್ತದೆ.

ಗುರುಮಠಕಲ್ ಅಕ್ಕ: ಅಯ್ಯೋ, ಹಿಂಡಿ ಕೊಡಬೇಡಿ! ಅದರಲ್ಲಿ ಖಾರ, ಉಪ್ಪು, ಬೆಳ್ಳುಳ್ಳಿ ಎಲ್ಲಾ ಇರುತ್ತದೆ.

ನಂದಿನಗರ ಹಾಸ್ಟೆಲ್: ಬರೀ ಅಗಸಿಯೂ ಮೀನೆಣ್ಣೆಗೆ ಸಮ ಅಲ್ಲ. ಅಗಸಿಯ ಒಮೆಗಾ-3 ಬೇರೆ ಬಗೆಯದು, ನಾಯಿಯ ಮೈ ಅದನ್ನು ಬೇಕಾದ ರೂಪಕ್ಕೆ ತಿರುಗಿಸುವುದು ಕಡಿಮೆ. ತೂಕ ಇಳಿಸಿ, ಅದಕ್ಕೆ ಅವ್ವನ ಅಡ್ಡಿ ಇರಲ್ಲ. ಮತ್ತೆ ಮನೆಯ ನೆಲ ಯಾವುದು?

ರಾಜಾನ ಮನೆಯವ: ಶಹಾಬಾದ್ ಫರ್ಸಿ, ಪಾಲಿಶ್ ಮಾಡಿದ್ದು. ಗೇಟಿನ ಗಂಟೆ ಬಾರಿಸಿದರೆ ಸಾಕು, ಓಡಿ ಹೋಗಿ ಜಾರಿ ಬಾಗಿಲಿಗೆ ಡಿಕ್ಕಿ ಹೊಡೆಯುತ್ತಾನೆ. ತೂಕದ ವಿಷಯದಲ್ಲಿ ಅವ್ವನದೇ ಅಡ್ಡಿ. ಯಾರಿಗೂ ಕಾಣದಂತೆ ತುಪ್ಪ ಸವರಿದ ರೊಟ್ಟಿ ಹಾಕುತ್ತಾಳೆ.

ಶಹಾಪುರದ ಹುಡುಗ: ಸಿಕ್ಕಿತು ನೋಡಿ ಕಳ್ಳ.

ನಂದಿನಗರ ಹಾಸ್ಟೆಲ್: ಅವನು ಓಡಾಡುವ ಕಡೆಯೆಲ್ಲ ಗೋಣಿಚೀಲ ಹಾಸಿ. ಬೇರೆ ಡಾಕ್ಟರ್ ಹತ್ತಿರ ಹೋಗಿ, ಮಂಡಿ ಒತ್ತಿ ನೋಡಿ ಅಂತ ನೀವೇ ಕೇಳಿ. ಗುಳಿಗೆಯಿಂದ ವಾಂತಿ ಆದದ್ದನ್ನೂ ಹೇಳಿ, ಬೇರೆ ಗುಳಿಗೆಗಳಿವೆ.

ರಾಜಾನ ಮನೆಯವ (12 ದಿನದ ನಂತರ): ಬೇರೆಯವರಿಗೆ ತೋರಿಸಿದೆವು. ಅರ್ಧ ಗಂಟೆ ಕಾಲು ಹಿಡಿದು ನೋಡಿದರು. ಮಂಡಿಯ ಕಟ್ಟು ಸ್ವಲ್ಪ ಹರಿದಿರಬಹುದು ಅಂದರು. ಎಕ್ಸ್‌ರೇ ಸೋಮವಾರ. ಆಪರೇಷನ್ ಬೇಕಾ ಅನ್ನೋದು ಆಮೇಲೆ. ಲಕ್ಕಿ ತಪ್ಪಲಿನ ಶಾಖ ದಿನಾ ಕೊಡುತ್ತಿದ್ದೇವೆ, ಕಣ್ಣು ಮುಚ್ಚಿ ಮಲಗುತ್ತಾನೆ. ಸೇಡಂ ಅಣ್ಣಾ, ಅಜ್ಜನಿಗೆ ನಮಸ್ಕಾರ. ಗೋಣಿಚೀಲ ನಾಲ್ಕು ಹಾಸಿದ್ದೆ, ಎರಡನ್ನು ಹರಿದು ಹಾಕಿದ್ದಾನೆ.