ವಾಲ್ವ್ ದಪ್ಪಾಗಿದೆ ಅಂತಾರಲ್ಲ, ಏನದು?

ಪ್ರಶ್ನೆ (ಶಿರಸಿ): ಡಾಕ್ಟ್ರೇ, ನಮ್ಮ ಆಯಿಗೆ 68 ವರ್ಷ. ತೋಟದಿಂದ ದಿಬ್ಬ ಹತ್ತಿ ಮನೆಗೆ ಬರುವಷ್ಟರಲ್ಲಿ ಏದುಸಿರು. ಎಕೋ ಮಾಡಿಸಿದೆವು. ಅಯೋರ್ಟಿಕ್ ವಾಲ್ವ್ ದಪ್ಪಾಗಿದೆ, ಕ್ಯಾಲ್ಸಿಯಂ ಕೂತಿದೆ, ಸರಿಯಾಗಿ ತೆರೆಯುತ್ತಿಲ್ಲ ಎಂದರು. ಮಾತ್ರೆ ಕೊಟ್ಟು ಮೆತ್ತಗೆ ಮಾಡೋಕೆ ಆಗಲ್ವಾ? ಹಾಲು, ರಾಗಿ ನಿಲ್ಲಿಸಬೇಕಾ?

ಉತ್ತರ (ಹೃದಯ ಶಸ್ತ್ರಚಿಕಿತ್ಸಕ, ಕಾರವಾರ): ಹಾಲು, ರಾಗಿ ಸುಮ್ನೆ ನಿಲ್ಲಿಸಬೇಡಿ. ಊಟದ ಕ್ಯಾಲ್ಸಿಯಂ ನೇರ ಹೋಗಿ ಅಲ್ಲಿ ಕೂರುವುದಿಲ್ಲ.

ಅಯೋರ್ಟಿಕ್ ವಾಲ್ವ್ ಅಂದರೆ ಹೃದಯದಿಂದ ದೊಡ್ಡ ರಕ್ತನಾಳಕ್ಕೆ ರಕ್ತ ಹೋಗುವ ಬಾಗಿಲು. ಅದಕ್ಕೆ ಸಾಮಾನ್ಯವಾಗಿ ಮೂರು ಎಸಳು. ಒಂದೊಂದೂ ಒಂದು ಮಿಲಿಮೀಟರಿಗಿಂತ ತೆಳು, ಅದರೊಳಗೇ ಮತ್ತೆ ಮೂರು ಪದರ. ರಕ್ತನಾಳದ ಕಡೆಗಿರುವ ಪದರದಲ್ಲಿ ಕೊಲಾಜೆನ್ ಎಂಬ ಗಟ್ಟಿ ಪ್ರೋಟೀನಿನ ಎಳೆಗಳು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಅಡ್ಡಡ್ಡ ಓಡುತ್ತವೆ. ಹೃದಯದ ಕಡೆ ಎಲಾಸ್ಟಿನ್ ಎಂಬ ರಬ್ಬರಿನಂಥ ಪ್ರೋಟೀನ್ ಜಾಸ್ತಿ, ಹಿಗ್ಗಿದ್ದನ್ನು ವಾಪಸ್ ಎಳೆಯೋಕೆ. ನಡುವೆ ನೀರು ಹಿಡಿದ ಮೆತ್ತನೆ ಪದರ, ಅದರಿಂದ ಎರಡೂ ಬದಿ ಒಂದರ ಮೇಲೊಂದು ಜಾರುತ್ತವೆ. ಅಡಿಕೆ ಹಾಳೆಯನ್ನು ನಾರಿನ ಉದ್ದಕ್ಕೆ ಜಗ್ಗಿದರೆ ಒಂದು ತರ, ಅಡ್ಡ ಜಗ್ಗಿದರೆ ಇನ್ನೊಂದು ತರ ಅಲ್ವಾ, ವಾಲ್ವಿಗೂ ಹಾಗೇ ದಿಕ್ಕಿದೆ. ಕೊಲಾಜೆನ್ ಓಡುವ ದಿಕ್ಕಿನಲ್ಲಿ ಬಿಗಿ, ಬುಡದಿಂದ ಅಂಚಿನ ಕಡೆಗೆ ಹಿಗ್ಗು ಜಾಸ್ತಿ. ಸುಮ್ಮನಿದ್ದಾಗ ಆ ಎಳೆಗಳು ಸುಕ್ಕಾಗಿರುತ್ತವೆ, ವಾಲ್ವ್ ಮುಚ್ಚಿ ಸುಮಾರು 80 ಮಿಲಿಮೀಟರ್ ಪಾದರಸದಷ್ಟು ಒತ್ತಡ ಬಿದ್ದಾಗ ಮೊದಲು ಸುಲಭವಾಗಿ ಬಿಚ್ಚಿಕೊಂಡು, ನೆಟ್ಟಗಾದ ಮೇಲೆ ಒಮ್ಮೆಲೇ ಬಿಗಿಯಾಗಿ ನಿಂತುಬಿಡುತ್ತವೆ. ದಿನಕ್ಕೆ ಸುಮಾರು ಒಂದು ಲಕ್ಷ ಸಲ! ಇಷ್ಟಾದರೂ ಬಾಳಿಕೆ ಬರುವುದು ಒಳಗಿನ ಜೀವಕೋಶಗಳು ರಿಪೇರಿ ಮಾಡುತ್ತಿರುವುದರಿಂದ.

ನಿಮ್ಮ ಆಯಿಯ ತೊಂದರೆ ಅಲ್ಲೇ. ವಯಸ್ಸಾದಂತೆ ಕೊಬ್ಬು ಸೇರಿ, ಉರಿಯೂತವಾಗಿ, ಅದೇ ಜೀವಕೋಶಗಳಲ್ಲಿ ಕೆಲವು ಮೂಳೆ ಕಟ್ಟುವ ಕೋಶಗಳ ತರ ಕೆಲಸ ಶುರು ಮಾಡುತ್ತವೆ. ಮೇಲೆ ಕೂತ ಕೊಳೆಯಲ್ಲ ಅದು, ತೊಳೆದು ತೆಗೆಯೋಕೆ. ಕೊಲೆಸ್ಟ್ರಾಲ್ ಮಾತ್ರೆಯಿಂದ ತಡೆಯಬಹುದಾ ಅಂತ ಪರೀಕ್ಷೆ ಮಾಡಿ ನೋಡಿದ್ದಾರೆ, ಉಪಯೋಗ ಆಗಲಿಲ್ಲ. ತೀರಾ ಕಿರಿದಾಗಿದ್ದರೆ ವಾಲ್ವ್ ಬದಲಿಸುವುದೇ ದಾರಿ, ಎದೆ ತೆರೆದು ಅಥವಾ ತೊಡೆಯ ರಕ್ತನಾಳದ ಮೂಲಕ. ತಲೆ ಸುತ್ತಿ ಬೀಳುವುದೇನಾದರೂ ಇದ್ದರೆ ತಡ ಮಾಡಬೇಡಿ.

ಪ್ರಶ್ನೆ (ಕುಮಟಾ): ವಾಲ್ವ್ ಬದಲಿಸುವಾಗ ದನದ ಪೊರೆಯದ್ದು ಹಾಕ್ತಾರಂತೆ. ಅದೂ ಹೀಗೇ ರಿಪೇರಿ ಆಗತ್ತಾ ಸರ್?

ಉತ್ತರ: ಇಲ್ಲ. ದನದ ಹೃದಯದ ಹೊರಪೊರೆ, ಇಲ್ಲವೇ ಹಂದಿಯ ವಾಲ್ವನ್ನು ಗ್ಲುಟರಾಲ್ಡಿಹೈಡ್ ಎಂಬ ರಾಸಾಯನಿಕದಲ್ಲಿ ಹದ ಮಾಡಿರುತ್ತಾರೆ. ಜೀವಕೋಶ ಸತ್ತಿರುತ್ತದೆ, ಸವೆದದ್ದು ಸವೆದಂತೆಯೇ. ಸಾಮಾನ್ಯವಾಗಿ 10–15 ವರ್ಷ ಬಾಳಿಕೆ. ಚಿಕ್ಕ ವಯಸ್ಸಿನವರಲ್ಲಿ ಬೇಗ ಗಟ್ಟಿಯಾಗುತ್ತದೆ, ಅದಕ್ಕೇ ಅವರಿಗೆ ಹೆಚ್ಚಾಗಿ ಮೆಕ್ಯಾನಿಕಲ್, ಅಂದರೆ ಯಂತ್ರದಂತೆ ತಯಾರಿಸಿದ ಕೃತಕ ವಾಲ್ವ್. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯ ಇಂಥದೇ ವಾಲ್ವನ್ನು 1990ರಲ್ಲಿ ಮೊದಲು ರೋಗಿಗೆ ಹಾಕಿದ್ದು. ಆದರೆ ಮೆಕ್ಯಾನಿಕಲ್ ವಾಲ್ವಿಗೆ ಜೀವನಪೂರ್ತಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ನಂತಹ ಮಾತ್ರೆ ಬೇಕು.

ಪ್ರಶ್ನೆ (ಕುಮಟಾ): ಆ ಮಾತ್ರೆ ತಗೊಂಡ್ರೆ ಬಸಳೆ ಬಿಡಬೇಕಂತೆ?

ಉತ್ತರ: ಬಸಳೆಯ ವಿಟಮಿನ್ ಕೆ ಮಾತ್ರೆಯ ಬಲ ತಗ್ಗಿಸುತ್ತದೆ ನಿಜ, ಆದರೆ ಬಿಡೋದು ಬೇಡ. ವಾರವಾರ ಒಂದೇ ಅಳತೆಯಲ್ಲಿ ತಿನ್ನಿ, ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಎಂದು ನೋಡುವ ಐಎನ್ಆರ್ ಪರೀಕ್ಷೆ ತಪ್ಪಿಸಬೇಡಿ.